ಲೂಸರ್ನ್ ಸಿಂಹವನ್ನು ಮಾಡಿದ್ದು ಯಾರು? ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್ಸನ್ ಕಥೆ

ಹೋದ ಬೇಸಿಗೆಯಲ್ಲಿ ನಮ್ಮ ಚಿಕ್ಕಮ್ಮ, ಚಿಕ್ಕಪ್ಪ ಯುರೋಪ್ ಟೂರ್‌ಗೆ ಹೋಗಿದ್ದರು. ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನಿಂದ ಚಿಕ್ಕಮ್ಮ ಒಂದು ಫೋಟೋ ಕಳಿಸಿದರು. ಬಂಡೆಯಲ್ಲಿ ಕೆತ್ತಿದ ದೊಡ್ಡ ಸಿಂಹ, ಅದರ ಮುಂದೆ ಕೊಳ, ಕೊಳದ ಮುಂದೆ ಸ್ವೆಟರ್ ಹಾಕಿಕೊಂಡು ನಿಂತ ಚಿಕ್ಕಪ್ಪ. ಕೆಳಗೊಂದು ಪ್ರಶ್ನೆ: "ಇದನ್ನ ಕೆತ್ತಿದವರು ಯಾರು ಅಂತ ಗೈಡ್ ಏನೋ ಹೆಸರು ಹೇಳಿದ. ನನಗೆ ನಾಲಿಗೆ ತಿರುಗಲಿಲ್ಲ. ನೀನು ಸ್ವಲ್ಪ ನೋಡಿ ಹೇಳೋ."

ಎರಡು ನಿಮಿಷದ ಕೆಲಸ ಅಂದುಕೊಂಡೆ. ಆಗಲಿಲ್ಲ. ಏಕೆಂದರೆ ಆ ಪ್ರಶ್ನೆಗೆ ಎರಡು ಉತ್ತರ ಇವೆ, ಎರಡೂ ಸರಿ. ಸಿಂಹವನ್ನು ರೂಪಿಸಿದವನು ಡೆನ್ಮಾರ್ಕಿನ ಬೆರ್ಟೆಲ್ ಥೋರ್ವಾಲ್ಡ್ಸನ್. ಬಂಡೆಯಲ್ಲಿ ಕೆತ್ತಿದವನು ಲೂಕಾಸ್ ಆಹೋರ್ನ್. ಹಾಗಾದರೆ ಅದು ಯಾರ ಶಿಲ್ಪ? ಒಬ್ಬ ಶಿಲ್ಪಿ "ನಾನು ಮಾಡಿದೆ" ಎಂದು ಹೇಳಬೇಕಾದರೆ ಉಳಿ ಅವನ ಕೈಯಲ್ಲೇ ಇರಬೇಕಾ? ಥೋರ್ವಾಲ್ಡ್ಸನ್ ಬದುಕನ್ನು ಓದುತ್ತಾ ಹೋದಂತೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಹಾಗಾಗಿ ಚಿಕ್ಕಮ್ಮನಿಗೆ ಬರೆಯಬೇಕಾದ್ದನ್ನು ಸ್ವಲ್ಪ ದೊಡ್ಡದಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ಬರೆಯುವಾಗ ಥೋರ್ವಾಲ್ಡ್ಸನ್, ಆದರೆ ಡೆನ್ಮಾರ್ಕಿನವರ ಬಾಯಲ್ಲಿ ಆ 'ಡ' ಕೇಳಿಸುವುದೇ ಇಲ್ಲ. ಹೆಚ್ಚುಕಡಿಮೆ 'ತೋರ್ವಾಲ್ಸನ್' ಎಂದರೆ ಸಾಕು.

ಮೊದಲು ಆ ಸಿಂಹ

1792ರ ಆಗಸ್ಟ್ 10. ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದೆ. ಪ್ಯಾರಿಸ್ಸಿನ ಟ್ವಿಲರಿ ಅರಮನೆಗೆ ಜನ ನುಗ್ಗುತ್ತಾರೆ. ಅಲ್ಲಿ ಕಾವಲಿಗೆ ಇದ್ದವರು ಸ್ವಿಸ್ ಸೈನಿಕರು, ಅಂದರೆ ಸಂಬಳಕ್ಕೆ ಬೇರೆ ದೇಶದ ರಾಜನನ್ನು ಕಾಯುತ್ತಿದ್ದವರು. ರಾಜ ಆಗಲೇ ಅರಮನೆ ಬಿಟ್ಟು ಹೋಗಿದ್ದ. ಇವರು ಉಳಿದರು. ಸತ್ತರು. ಬಂಡೆಯ ಮೇಲೆ ಕೆತ್ತಿದ ಲೆಕ್ಕದ ಪ್ರಕಾರ ಸುಮಾರು 760 ಮಂದಿ.

ಆ ಪಡೆಯ ಒಬ್ಬ ಅಧಿಕಾರಿ, ಕಾರ್ಲ್ ಫೈಫರ್, ಆ ದಿನ ರಜೆಯ ಮೇಲೆ ತನ್ನ ಊರು ಲೂಸರ್ನ್‌ನಲ್ಲಿದ್ದ. ಜೊತೆಯವರೆಲ್ಲ ಹೋದರು, ತಾನು ಉಳಿದೆ ಎನ್ನುವುದು ಅವನ ಮನಸ್ಸಿನಿಂದ ಹೋಗಲೇ ಇಲ್ಲ. ವರ್ಷಗಳ ನಂತರ ಅವನೇ ಹಣ ಕೂಡಿಸಿ ಈ ಸ್ಮಾರಕಕ್ಕೆ ಕೈ ಹಾಕಿದ.

ವಿನ್ಯಾಸಕ್ಕೆ ಕೇಳಿದ್ದು ರೋಮ್‌ನಲ್ಲಿದ್ದ ಥೋರ್ವಾಲ್ಡ್ಸನ್‌ನನ್ನು. ಅವನು 1819ರಲ್ಲಿ ಮಾದರಿ ಮಾಡಿಕೊಟ್ಟ. ಜೀವಂತ ಸಿಂಹವನ್ನು ಅವನು ನೋಡಿಯೇ ಇರಲಿಲ್ಲ ಎನ್ನುತ್ತಾರೆ, ರೋಮ್‌ನ ಹಳೆಯ ಕಲ್ಲಿನ ಸಿಂಹಗಳೇ ಅವನಿಗೆ ಗುರು. ಆ ಮಾದರಿಯನ್ನು ನೋಡಿಕೊಂಡು ಆಹೋರ್ನ್ 1820-21ರಲ್ಲಿ ಒಂದು ಹಳೆಯ ಕಲ್ಲುಗಣಿಯ ಬಂಡೆಯಲ್ಲೇ ಕೆತ್ತಿದ. ಉದ್ದ ಸುಮಾರು 10 ಮೀಟರ್, ಎತ್ತರ ಸುಮಾರು 6 ಮೀಟರ್.

ಫೋಟೋವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಸಿಂಹದ ಪಕ್ಕೆಯಲ್ಲಿ ಮುರಿದ ಭರ್ಜಿಯ ತುಂಡು ಹಾಗೇ ಚುಚ್ಚಿಕೊಂಡಿದೆ. ಒಂದು ಪಂಜ ಸಡಿಲವಾಗಿ ಗುರಾಣಿಯ ಮೇಲೆ ಬಿದ್ದಿದೆ. ಆ ಗುರಾಣಿಯ ಮೇಲಿರುವುದು ಫ್ರಾನ್ಸಿನ ರಾಜನ ಲಿಲ್ಲಿ ಹೂವಿನ ಗುರುತು. ಸಾಯುವಾಗಲೂ ಸಿಂಹ ಅದನ್ನು ಬಿಟ್ಟಿಲ್ಲ. ಮುಖದಲ್ಲಿ ರೋಷ ಇಲ್ಲ, ಗರ್ಜನೆ ಇಲ್ಲ. ಹುಬ್ಬು ಗಂಟಿಕ್ಕಿ ನೋವನ್ನು ತಡೆದುಕೊಂಡಿರುವ ಮನುಷ್ಯನ ಮುಖದ ಹಾಗಿದೆ. ನನಗಂತೂ ಫೋಟೋದಲ್ಲೇ ಗಂಟಲು ಕಟ್ಟಿತು.

ಹಡಗುಕಟ್ಟೆಯ ಹುಡುಗ

ಥೋರ್ವಾಲ್ಡ್ಸನ್ ಹುಟ್ಟಿದ್ದು 1770ರಲ್ಲಿ, ಕೋಪನ್‌ಹೇಗನ್‌ನಲ್ಲಿ. ಅಪ್ಪ ಗೊಟ್‌ಸ್ಕಾಲ್ಕ್ ಐಸ್‌ಲ್ಯಾಂಡಿನಿಂದ ಬಂದವನು, ಮರ ಕೆತ್ತುವ ಕೆಲಸ. ಆಗಿನ ದೊಡ್ಡ ಹಡಗುಗಳ ಮೂತಿಯಲ್ಲಿ ಒಂದು ಮರದ ಬೊಂಬೆ ಇರುತ್ತಿತ್ತು. ಹೆಣ್ಣೋ, ವೀರನೋ, ಪ್ರಾಣಿಯೋ. ಅದನ್ನು ಕೆತ್ತುವುದೇ ಅವನ ಜೀವನ. ಅಮ್ಮ ಕಾರೆನ್, ಜಟ್‌ಲ್ಯಾಂಡ್ ಕಡೆಯವಳು. ಮನೆಯಲ್ಲಿ ಬಡತನ.

ಹುಡುಗ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದ. ಕೈ ಚೆನ್ನಾಗಿದೆ ಎಂದು ಎಲ್ಲರಿಗೂ ಕಾಣಿಸಿತು. 11ನೇ ವಯಸ್ಸಿಗೇ ಕೋಪನ್‌ಹೇಗನ್‌ನ ರಾಜ ಕಲಾ ಅಕಾಡೆಮಿಗೆ ಸೇರಿಸಿದರು. ಅಕಾಡೆಮಿ ಅಂದರೆ ಆ ಕಾಲದ ಸರ್ಕಾರಿ ಕಲಾಶಾಲೆ. ಚಿತ್ರ ಬಿಡಿಸುವುದು, ಹಳೆಯ ಮೂರ್ತಿಗಳ ನಕಲು ಮಾಡುವುದು, ಜೀವಂತ ಮಾಡೆಲ್ ನೋಡಿ ಮೈಕಟ್ಟು ಕಲಿಯುವುದು, ಇವೇ ಪಾಠ. ಆಗಾಗ ಸ್ಪರ್ಧೆ, ಗೆದ್ದವರಿಗೆ ಪದಕ.

ಓದು ಬರಹ ಮಾತ್ರ ಅವನಿಗೆ ಹತ್ತಲಿಲ್ಲ. ಕೊನೆಯವರೆಗೂ ಕಾಗುಣಿತ ತಪ್ಪುತ್ತಿದ್ದ. ಇದರ ಜೊತೆಗೆ ಒಂದು ಘಟನೆ ಇದೆ, ಅವನ ಜೀವನಚರಿತ್ರೆ ಬರೆದವರೆಲ್ಲ ಹೇಳುವಂಥದ್ದು. ಚರ್ಚಿನಲ್ಲಿ ಹುಡುಗರಿಗೆ ದೀಕ್ಷೆ ಕೊಡುವ ಮುಂಚೆ ಪಾದ್ರಿ ಪಾಠ ಹೇಳುತ್ತಿದ್ದರು. ಓದಿನಲ್ಲಿ ಹಿಂದಿದ್ದ ಇವನು ಬಡ ಹುಡುಗರ ಜೊತೆ ಹಿಂದೆ ಕೂರುತ್ತಿದ್ದ. ಅದೇ ಹೊತ್ತಿಗೆ, 1787ರಲ್ಲಿ, ಅಕಾಡೆಮಿಯ ಬೆಳ್ಳಿ ಪದಕ ಬಂತು, ಪೇಪರಿನಲ್ಲಿ ಹೆಸರೂ ಬಂತು. ಪಾದ್ರಿ ಕೇಳಿದರು: "ಪದಕ ಗೆದ್ದವನು ನಿನ್ನ ಅಣ್ಣನಾ?" "ಅಲ್ಲ, ನಾನೇ." ಪಾದ್ರಿ ಅವನನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. ಅವತ್ತಿನಿಂದ ಕರೆದಿದ್ದು "ಮೊಸ್ಯೂ ಥೋರ್ವಾಲ್ಡ್ಸನ್" ಎಂದು. ನಮ್ಮಲ್ಲಿ ಒಬ್ಬ ಹುಡುಗನನ್ನು ಮೇಷ್ಟ್ರು ಇದ್ದಕ್ಕಿದ್ದಂತೆ 'ರಾಯರೇ' ಎಂದಂತೆ. ಮುಂದೆ ರಾಜರು ಅವನಿಗೆ ಬಿರುದು ಕೊಟ್ಟರು. ಆದರೆ ಆ ಒಂದು 'ಮೊಸ್ಯೂ'ವಿನಷ್ಟು ಸವಿಯಾಗಿ ಯಾವುದೂ ಕೇಳಿಸಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದನಂತೆ.

1793ರಲ್ಲಿ ದೊಡ್ಡ ಚಿನ್ನದ ಪದಕ ಗೆದ್ದ. ಅದರ ಜೊತೆ ಬರುತ್ತಿದ್ದುದು ರೋಮ್‌ಗೆ ಹೋಗಿ ಕಲಿಯಲು ವಿದ್ಯಾರ್ಥಿವೇತನ.

ಎಲ್ಲರೂ ರೋಮ್‌ಗೇ ಯಾಕೆ ಹೋಗುತ್ತಿದ್ದರು?

18ನೇ ಶತಮಾನದ ನಡುವಿನಲ್ಲಿ ಇಟಲಿಯಲ್ಲಿ ಬೂದಿಯಡಿ ಹೂತುಹೋಗಿದ್ದ ಪೊಂಪೇ, ಹರ್ಕ್ಯುಲೇನಿಯಂ ಊರುಗಳನ್ನು ಅಗೆದು ತೆಗೆಯತೊಡಗಿದರು. ಎರಡು ಸಾವಿರ ವರ್ಷದ ಹಿಂದಿನ ಮನೆ, ಪಾತ್ರೆ, ಗೋಡೆಚಿತ್ರ ಎಲ್ಲ ಹೊರಗೆ ಬಂತು. ಯುರೋಪಿಗೆ ಹಳೆಯ ಗ್ರೀಸ್ ಮತ್ತು ರೋಮ್ ಮೇಲೆ ಹುಚ್ಚೇ ಹಿಡಿಯಿತು. ವಿಂಕಲ್‌ಮನ್ ಎಂಬ ಜರ್ಮನ್ ವಿದ್ವಾಂಸ, ಗ್ರೀಕರ ಮೂರ್ತಿಗಳ ಸರಳತೆ ಮತ್ತು ಶಾಂತ ಗಾಂಭೀರ್ಯವೇ ಕಲೆಯ ತುದಿ ಎಂದು ಬರೆದ. ಅದುವರೆಗೆ ನಡೆಯುತ್ತಿದ್ದ ಅತಿಯಾದ ಅಲಂಕಾರ, ತಿರುಚಿದ ಮೈ, ಹಾರಾಡುವ ಬಟ್ಟೆ, ಇದೆಲ್ಲ ಸಾಕು ಎಂದು ಕಲಾವಿದರು ಹಿಂದೆ ತಿರುಗಿದರು.

ಇದನ್ನೇ ನಿಯೋಕ್ಲಾಸಿಕಲ್ ಶೈಲಿ ಎನ್ನುತ್ತಾರೆ. ಹಳೆಯದರ ನಕಲು ಅಂದುಕೊಂಡರೆ ತಪ್ಪಾಗುತ್ತದೆ. ಸಂಗೀತದಲ್ಲಿ ಕಲ್ಯಾಣಿ ರಾಗ ಯಾರೊಬ್ಬರದ್ದೂ ಅಲ್ಲ, ಅಲ್ವಾ? ಆದರೆ ಇಬ್ಬರು ಹಾಡಿದರೆ ಎರಡು ಬೇರೆ ಕಲ್ಯಾಣಿ ಕೇಳಿಸುತ್ತದೆ. ಹಾಗೇ ಇಲ್ಲೂ: ಕಥೆ, ದೇವತೆ, ನಿಲುವು ಎಲ್ಲ ಗ್ರೀಕರದು, ಹಾಡಿದವರು ಹೊಸಬರು.

ಮೂಲ ಮೂರ್ತಿಗಳು ಜಾಸ್ತಿ ಇದ್ದದ್ದು ರೋಮ್‌ನಲ್ಲಿ. ಆಗಿನ ದೊಡ್ಡ ಶಿಲ್ಪಿ ಆಂಟೋನಿಯೋ ಕನೋವಾ ಇದ್ದದ್ದೂ ರೋಮ್‌ನಲ್ಲಿ. ಕೊಳ್ಳುವ ಶ್ರೀಮಂತ ಪ್ರವಾಸಿಗಳು ಬರುತ್ತಿದ್ದುದೂ ಅಲ್ಲಿಗೇ.

1796ರಲ್ಲಿ ಥೋರ್ವಾಲ್ಡ್ಸನ್ 'ಥೆಟಿಸ್' ಎಂಬ ಯುದ್ಧನೌಕೆ ಹತ್ತಿದ. ಹಡಗು ಮೆಡಿಟರೇನಿಯನ್ ಎಲ್ಲ ಸುತ್ತಾಡಿಸಿತು. ಇವನು ಬರೀ ನಿದ್ದೆ ಮಾಡುತ್ತಾನೆ, ಭಾಷೆ ಕಲಿಯಲೂ ಸೋಮಾರಿತನ ಎಂದು ಕ್ಯಾಪ್ಟನ್ ಮನೆಗೆ ಪತ್ರ ಬರೆದ. ಕೊನೆಗೆ 1797ರ ಮಾರ್ಚ್ 8ರಂದು ರೋಮ್ ತಲುಪಿದ. ತಾನು ಹುಟ್ಟಿದ್ದೇ ಆ ದಿನ ಎಂದು ಮುಂದೆ ಹೇಳುತ್ತಿದ್ದ, ಪ್ರತಿ ವರ್ಷ ಅದನ್ನೇ ಹುಟ್ಟುಹಬ್ಬವಾಗಿ ಆಚರಿಸುತ್ತಿದ್ದ.

ಜೇಸನ್, ಮತ್ತು ಒಂದು ದಿನದ ತಡ

ರೋಮ್‌ನಲ್ಲಿ ಅವನಿಗೆ ದಾರಿ ತೋರಿಸಿದವನು ಗಿಯೋರ್ಗ್ ಸೋಯೆಗಾ, ಅಲ್ಲೇ ನೆಲೆಸಿದ್ದ ಡೆನ್ಮಾರ್ಕಿನ ವಿದ್ವಾಂಸ. ಕಟುವಾಗಿ ಬೈಯುತ್ತಿದ್ದ. ಈ ಹುಡುಗನಿಗೆ ಕೈ ಇದೆ, ತಲೆಯಲ್ಲಿ ಏನೂ ಇಲ್ಲ ಎನ್ನುವ ಧಾಟಿ. ಇವನು ಬೈಸಿಕೊಂಡು ಕಲಿತ.

ವರ್ಷಗಳು ಕಳೆದವು. ಕೊನೆಗೆ ಜೇಸನ್‌ನ ಮೂರ್ತಿ ಮಾಡಲು ಕೂತ. ಜೇಸನ್ ಗ್ರೀಕ್ ಕಥೆಯ ವೀರ, ಚಿನ್ನದ ತುಪ್ಪಳದ ಟಗರಿನ ಚರ್ಮವನ್ನು ಸಾಹಸ ಮಾಡಿ ತಂದವನು. 1801ರಲ್ಲಿ ಮಣ್ಣಿನಲ್ಲಿ ಮಾಡಿದ ಮೊದಲ ಜೇಸನ್ ಉಳಿಯಲಿಲ್ಲ. ಪ್ಲಾಸ್ಟರ್‌ನಲ್ಲಿ ಅಚ್ಚು ತೆಗೆಸಲು ದುಡ್ಡಿಲ್ಲದೆ ಒಡೆದುಹಾಕಿದ. ಮತ್ತೆ ಇನ್ನೂ ದೊಡ್ಡದಾಗಿ ಮಾಡಿದ. ಈ ಸಲ ಅಚ್ಚಿನ ಖರ್ಚನ್ನು ಲೇಖಕಿ ಫ್ರೀಡೆರಿಕೆ ಬ್ರೂನ್ ಕೊಟ್ಟಳು. ಹಾಗಾಗಿ ಮೂರ್ತಿ ಉಳಿಯಿತು.

ಬಂದು ನೋಡಿದವರು ಬೆರಗಾದರು. ಎರಡೂವರೆ ಮೀಟರ್‌ಗೆ ಹತ್ತಿರದ ಎತ್ತರ. ತಲೆಗೆ ಶಿರಸ್ತ್ರಾಣ, ಭುಜದ ಮೇಲೆ ಭರ್ಜಿ, ಎಡತೋಳಿನ ಮೇಲೆ ಟಗರಿನ ಚರ್ಮ. ನಡೆಯುತ್ತಾ ಹಿಂದೆ ತಿರುಗಿ ನೋಡುತ್ತಾನೆ. ಇದು ಹೊಸ ಶೈಲಿ, ಭವ್ಯ ಶೈಲಿ ಎಂದು ಸ್ವತಃ ಕನೋವಾ ಹೊಗಳಿದ. ಹೊಗಳಿಕೆ ಬಂತು, ಕೊಳ್ಳುವವರು ಬರಲಿಲ್ಲ. ವಿದ್ಯಾರ್ಥಿವೇತನ ಮುಗಿದಿತ್ತು. 1803ರಲ್ಲಿ ಗಂಟುಮೂಟೆ ಕಟ್ಟಿದ. ಗಾಡಿ ಗೊತ್ತು ಮಾಡಿದ್ದೂ ಆಗಿತ್ತು. ಹೊರಡುವ ದಿನ, ಜೊತೆಗೆ ಬರಬೇಕಿದ್ದ ಬರ್ಲಿನ್ನಿನ ಶಿಲ್ಪಿಯ ಪಾಸ್‌ಪೋರ್ಟ್ ಸರಿಯಿಲ್ಲ ಎಂದು ಪಯಣ ನಿಂತಿತು.

ಆ ತಡದಲ್ಲೇ ಸ್ಟುಡಿಯೋಗೆ ಬಂದವನು ಥಾಮಸ್ ಹೋಪ್, ಭಾರಿ ಶ್ರೀಮಂತ, ಬ್ಯಾಂಕಿಂಗ್ ಮನೆತನದವನು. ಅಮೃತಶಿಲೆಯಲ್ಲಿ ಮಾಡಿಕೊಡಲು ಎಷ್ಟಾಗುತ್ತದೆ ಎಂದು ಕೇಳಿದ. ಇವನು 600 ಚಿನ್ನದ ನಾಣ್ಯ ಎಂದ. ಹೋಪ್, ಅದು ಕಡಿಮೆಯಾಯಿತು, 800 ತೆಗೆದುಕೋ ಎಂದ. ಊರಿಗೆ ಹೊರಟಿದ್ದವನು ರೋಮ್‌ನಲ್ಲೇ ಉಳಿದ. ಮಧ್ಯೆ ಒಂದು ಸಲ ಊರಿಗೆ ಹೋಗಿ ಬಂದದ್ದು ಬಿಟ್ಟರೆ, ಇನ್ನೂ 35 ವರ್ಷ.

ಪಾಪ ಹೋಪ್. ಅವನ ಜೇಸನ್ ಕೈಗೆ ಸಿಕ್ಕಿದ್ದು 1828ರಲ್ಲಿ, 25 ವರ್ಷದ ನಂತರ! ಆರ್ಡರ್‌ಗಳು ಒಂದರ ಮೇಲೊಂದು ಬಂದವು, ಮೊದಲ ಗಿರಾಕಿ ಹಿಂದೆ ಉಳಿದ. ತಡಕ್ಕೆ ಪರಿಹಾರವಾಗಿ ಬೇರೆ ಶಿಲ್ಪಗಳನ್ನೂ ಸೇರಿಸಿ ಕಳಿಸಿಕೊಟ್ಟ. ಅದೇ ಜೇಸನ್ 1917ರಲ್ಲಿ ಮಾರಾಟಕ್ಕೆ ಬಂದಾಗ ಕೋಪನ್‌ಹೇಗನ್‌ನ ಥೋರ್ವಾಲ್ಡ್ಸನ್ ಮ್ಯೂಸಿಯಂ ಕೊಂಡು ತಂದಿತು.

ಮಣ್ಣು, ಪ್ಲಾಸ್ಟರ್, ಅಮೃತಶಿಲೆ

ಇಲ್ಲಿ ಸ್ವಲ್ಪ ನಿಲ್ಲೋಣ. 'ಯಾರು ಮಾಡಿದ್ದು' ಎಂಬ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಶಿಲ್ಪಿ ಎಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಕಲ್ಲಿನ ಮುಂದೆ ಉಳಿ, ಸುತ್ತಿಗೆ ಹಿಡಿದು ಕೂತ ಮನುಷ್ಯ. ಕಲ್ಲಿನಲ್ಲಿ ಗೆರೆ ಹಾಕಿಕೊಂಡು ನೇರವಾಗಿ ಕೆತ್ತುತ್ತಾ ಹೋಗುವುದು ಒಂದು ದಾರಿ. ಥೋರ್ವಾಲ್ಡ್ಸನ್ ಕಾಲದ ರೋಮ್‌ನಲ್ಲಿ ದಾರಿ ಬೇರೆ ಇತ್ತು.

ಮೊದಲು ಅಂಗೈ ಅಗಲದ ಸಣ್ಣ ಮಣ್ಣಿನ ಬೊಂಬೆ. ಭಂಗಿ ಹೇಗಿರಬೇಕು ಎಂದು ನೋಡಿಕೊಳ್ಳಲು ಅಷ್ಟೇ. ಆಮೇಲೆ ಪೂರ್ತಿ ಅಳತೆಯ ಮಣ್ಣಿನ ಮೂರ್ತಿ. ಆಳೆತ್ತರದ ಹಸಿಮಣ್ಣು ತನ್ನ ಭಾರಕ್ಕೇ ಕುಸಿಯುತ್ತದೆ, ಅದಕ್ಕೆ ಒಳಗೆ ಕಬ್ಬಿಣದ ಸರಳಿನ ಚೌಕಟ್ಟು ಬೇಕು. ರಾತ್ರಿ ಒದ್ದೆ ಬಟ್ಟೆ ಸುತ್ತಿಡಬೇಕು, ಇಲ್ಲವೆಂದರೆ ಒಣಗಿ ಬಿರುಕು ಬಿಡುತ್ತದೆ. ಮೂಗು ಸ್ವಲ್ಪ ಮೇಲೆ, ತೋಳು ಸ್ವಲ್ಪ ಒಳಗೆ, ಹೀಗೆ ತಿದ್ದುವುದೆಲ್ಲ ಈ ಹಂತದಲ್ಲೇ.

ಮಣ್ಣು ಹೆಚ್ಚು ದಿನ ಇರುವುದಿಲ್ಲ. ಹಾಗಾಗಿ ಎರಡನೇ ಹಂತ ಪ್ಲಾಸ್ಟರ್. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಣ್ಣಿನ ಮೂರ್ತಿಯ ಮೇಲೆ ಪ್ಲಾಸ್ಟರ್ ಬಳಿದು ಗಟ್ಟಿಯಾಗಲು ಬಿಡುತ್ತಾರೆ, ಅದೇ ಅಚ್ಚು. ಒಳಗಿನ ಮಣ್ಣನ್ನು ಕೆರೆದು ತೆಗೆಯುತ್ತಾರೆ. ಖಾಲಿ ಅಚ್ಚಿನೊಳಗೆ ಹೊಸ ಪ್ಲಾಸ್ಟರ್ ಹುಯ್ಯುತ್ತಾರೆ. ಅದು ಗಟ್ಟಿಯಾದ ಮೇಲೆ ಹೊರಗಿನ ಅಚ್ಚನ್ನು ಚೂರುಚೂರಾಗಿ ಒಡೆಯುತ್ತಾರೆ. ಸಕ್ಕರೆ ಅಚ್ಚನ್ನು ಮುಂದಿನ ವರ್ಷಕ್ಕೂ ಎತ್ತಿಡಬಹುದು, ಇದು ಒಂದೇ ಸಲಕ್ಕೆ. ಅಚ್ಚಿನ ಒಳಪದರಕ್ಕೆ ಸ್ವಲ್ಪ ಬಣ್ಣ ಬೆರೆಸಿರುತ್ತಾರೆ. ಒಡೆಯುತ್ತಾ ಬಣ್ಣ ಕಂಡರೆ ಮೂರ್ತಿ ಹತ್ತಿರ ಬಂತು, ಇನ್ನು ಮೆಲ್ಲಗೆ ಎಂದು ಲೆಕ್ಕ.

ಮೂರನೆಯದು ಕಲ್ಲು. ಪ್ಲಾಸ್ಟರ್ ಮೂರ್ತಿಯ ಮೈಮೇಲೆಲ್ಲ ಚುಕ್ಕಿ ಗುರುತು ಹಾಕುತ್ತಾರೆ. ಮೂರ್ತಿಯ ಮೇಲೊಂದು ಚೌಕಟ್ಟು, ಪಕ್ಕದ ಅಮೃತಶಿಲೆಯ ದಿಮ್ಮಿಯ ಮೇಲೆ ಅಂಥದೇ ಇನ್ನೊಂದು. ಚೌಕಟ್ಟಿನಿಂದ ಗಾರೆಯವರ ತೂಗುಗುಂಡಿನ ಹಾಗೆ ದಾರ ಇಳಿಬಿಡುತ್ತಾರೆ. ದಾರದಿಂದ ಮೂಗಿನ ತುದಿಗೆ ಎಷ್ಟು ದೂರ? ಅಷ್ಟೇ ದೂರಕ್ಕೆ ಕಲ್ಲಿನಲ್ಲಿ ತೂತು ಕೊರೆಯಬೇಕು. ಮೊಣಕಾಲಿಗೆ ಎಷ್ಟು? ಅಲ್ಲೂ ಒಂದು ತೂತು. ಹೀಗೆ ನೂರಾರು ತೂತು ಕೊರೆದು, ಆ ಆಳದವರೆಗೆ ಕಲ್ಲು ಕಡಿದುಹಾಕಿದರೆ ಮೂರ್ತಿಯ ಒರಟು ರೂಪ ಹೊರಗೆ ಬರುತ್ತದೆ. ಇದೆಲ್ಲ ಕಲ್ಲುಕುಟಿಗರ ಕೆಲಸ. ಕೂದಲು ಕೆತ್ತುವುದರಲ್ಲಿ ಪಳಗಿದವರು, ಬಟ್ಟೆಯ ಮಡಿಕೆಯಲ್ಲಿ ಪಳಗಿದವರು, ಉಜ್ಜಿ ನುಣುಪು ಮಾಡುವವರು ಬೇರೆಬೇರೆ. ಕೊನೆಗೆ ಯಜಮಾನ ಬಂದು ನೋಡಿ ಅಲ್ಲಲ್ಲಿ ತಿದ್ದುತ್ತಾನೆ.

ಕೆಲಸ ಜೋರಾಗಿದ್ದ ದಿನಗಳಲ್ಲಿ ಥೋರ್ವಾಲ್ಡ್ಸನ್ ಕೈಕೆಳಗೆ ಸುಮಾರು 40 ಜನ ಇದ್ದರು. ಪಿಯಾಸಾ ಬಾರ್ಬೆರೀನಿ ಚೌಕದ ಸುತ್ತಮುತ್ತ ಅವನ ಸ್ಟುಡಿಯೋಗಳು. ಪಿಯೆತ್ರೋ ತೆನೆರಾನಿ, ಹರ್ಮನ್ ಫ್ರಾಯ್ಂಡ್, ಎಚ್. ಡಬ್ಲ್ಯೂ. ಬಿಸೆನ್‌ರಂಥ ಶಿಷ್ಯರು ಅಲ್ಲಿಂದಲೇ ಬೆಳೆದು ತಾವೇ ದೊಡ್ಡ ಶಿಲ್ಪಿಗಳಾದರು.

ಇದರಲ್ಲಿ ಮೋಸ ಏನೂ ಇರಲಿಲ್ಲ. ಕೊಳ್ಳುವವರಿಗೂ ಗೊತ್ತಿತ್ತು. ಮನೆಯ ನಕ್ಷೆ ಬರೆದವರು ಇಟ್ಟಿಗೆ ಹೊರುವುದಿಲ್ಲ, ಹಾಗೆಂದು ಮನೆ ಅವರದಲ್ಲ ಎನ್ನುತ್ತೇವಾ? ಹೊಸದನ್ನು ಕಂಡುಹಿಡಿಯುವುದು ಮಣ್ಣಿನಲ್ಲಿ, ಕಲ್ಲಿಗೆ ದಾಟಿಸುವುದು ಕಸುಬು ಎಂದು ಆ ಕಾಲದವರು ತಿಳಿದಿದ್ದರು. ಪ್ಲಾಸ್ಟರ್ ಒಂದಿದ್ದರೆ ಒಂದೇ ಮೂರ್ತಿಯನ್ನು ನಾಲ್ಕು ಗಿರಾಕಿಗಳಿಗೆ ನಾಲ್ಕು ಸಲ ಮಾಡಿಕೊಡಲೂಬಹುದಿತ್ತು, ಮಾಡಿಕೊಟ್ಟರು ಕೂಡ. ಮಣ್ಣು ಜೀವ, ಪ್ಲಾಸ್ಟರ್ ಸಾವು, ಅಮೃತಶಿಲೆ ಪುನರ್ಜನ್ಮ ಎಂಬ ಮಾತು ಥೋರ್ವಾಲ್ಡ್ಸನ್‌ನದು ಎಂದು ಹೇಳುತ್ತಾರೆ. ಈ ಮೂರು ಹಂತ ಗೊತ್ತಾದ ಮೇಲೆ ಆ ಮಾತು ಎಷ್ಟು ಅಳೆದು ತೂಗಿ ಆಡಿದ್ದು ಎಂದು ತಿಳಿಯುತ್ತದೆ.

ದಾರಿಯಲ್ಲಿ ಕಂಡ ಹುಡುಗ

ಹಾಗಾದರೆ ಅವನ ಸ್ವಂತ ಪ್ರತಿಭೆ ಎಲ್ಲಿತ್ತು? ನೋಡುವುದರಲ್ಲಿ.

1818ರ ಸುಮಾರು. ರೋಮ್‌ನ ಕೋರ್ಸೋ ಬೀದಿಯಲ್ಲಿ ಊಟಕ್ಕೆ ಹೋಗುತ್ತಿದ್ದ. ಒಂದು ಬಾಗಿಲ ಬಳಿ ಒಬ್ಬ ಹುಡುಗ, ಪೂರ್ತಿ ಕೂತಿಲ್ಲ, ಪೂರ್ತಿ ನಿಂತಿಲ್ಲ, ಸುಮ್ನೆ ಒರಗಿಕೊಂಡಿದ್ದ. ಥೋರ್ವಾಲ್ಡ್ಸನ್ ಮುಂದೆ ಹೋದವನು ವಾಪಸ್ ಬಂದು ಮತ್ತೆ ನೋಡಿದ. ಊಟ ಬೇಗ ಮುಗಿಸಿ ಸ್ಟುಡಿಯೋಗೆ ಓಡಿ ಸಣ್ಣ ಮಣ್ಣಿನ ಮಾದರಿ ಮಾಡಿದ. ಅದೇ ಮುಂದೆ ಮರ್ಕ್ಯುರಿ ದೇವತೆಯ ಮೂರ್ತಿಯಾಯಿತು.

ಕಥೆ ಹೀಗಿದೆ: ಮೈಯೆಲ್ಲ ಕಣ್ಣಿರುವ ಆರ್ಗಸ್ ಎಂಬ ಕಾವಲುಗಾರ. ಮರ್ಕ್ಯುರಿ ಕೊಳಲು ಊದಿ ಅವನನ್ನು ನಿದ್ದೆ ಮಾಡಿಸಿ ಕೊಲ್ಲಬೇಕು. ಶಿಲ್ಪದಲ್ಲಿ ಕೊಳಲು ಈಗಷ್ಟೇ ತುಟಿಯಿಂದ ಕೆಳಗಿಳಿದಿದೆ. ಕತ್ತಿಯ ಒರೆಯನ್ನು ಹಿಮ್ಮಡಿಯಲ್ಲಿ ಒತ್ತಿ ಹಿಡಿದಿದ್ದಾನೆ, ಇನ್ನೊಂದು ಕೈ ಸದ್ದಾಗದಂತೆ ಕತ್ತಿ ಎಳೆಯುತ್ತಿದೆ. ಕಣ್ಣು ಮಾತ್ರ ಆರ್ಗಸ್ ಕಡೆ: ನಿಜಕ್ಕೂ ಮಲಗಿದನಾ? ಹೊಡೆದಾಟ ಇಲ್ಲ, ರಕ್ತ ಇಲ್ಲ. ಹೊಡೆಯುವ ಒಂದು ಕ್ಷಣ ಮುಂಚಿನ ನಿಶ್ಶಬ್ದ ಇದೆ. ಥೋರ್ವಾಲ್ಡ್ಸನ್ ಶಿಲ್ಪ ತಣ್ಣಗಿದೆ, ಭಾವನೆ ಇಲ್ಲ ಎಂದು ಆಮೇಲಿನ ಕಾಲದವರು ದೂರಿದರು. ಈ ಮೂರ್ತಿಯ ಮುಂದೆ ಆ ದೂರು ನಿಲ್ಲುವುದಿಲ್ಲ ಎಂದು ನನಗನಿಸುತ್ತದೆ. ಭಾವನೆ ಇದೆ, ಅದನ್ನು ಬಿಗಿಹಿಡಿದಿದ್ದಾನೆ.

ಗೋಡೆಯ ಮೇಲೆ ಉಬ್ಬಿದಂತೆ ಮಾಡುವ ಉಬ್ಬುಶಿಲ್ಪದಲ್ಲೂ ಅವನದು ದೊಡ್ಡ ಹೆಸರು. 1812ರಲ್ಲಿ ನೆಪೋಲಿಯನ್ ರೋಮ್‌ಗೆ ಬರುತ್ತಾನೆ ಎಂದು ಅರಮನೆ ಸಿಂಗರಿಸುತ್ತಿದ್ದರು. ಅಲೆಕ್ಸಾಂಡರ್ ಬ್ಯಾಬಿಲೋನ್ ಪ್ರವೇಶಿಸುವ ಮೆರವಣಿಗೆಯನ್ನು, ನಮ್ಮ ದೇವಸ್ಥಾನದ ಗೋಡೆಯ ಆನೆ ಕುದುರೆ ಸಾಲಿನ ಹಾಗೆ, ಸುಮಾರು 35 ಮೀಟರ್ ಉದ್ದಕ್ಕೆ ಮೂರೇ ತಿಂಗಳಲ್ಲಿ ಮಾಡಿಕೊಟ್ಟ. ನೆಪೋಲಿಯನ್ ಬರಲೇ ಇಲ್ಲ. 1815ರ 'ರಾತ್ರಿ' ಎಂಬ ದುಂಡನೆಯ ಉಬ್ಬುಶಿಲ್ಪ ಇನ್ನೂ ಜನಪ್ರಿಯ. ರೆಕ್ಕೆಯ ಹೆಣ್ಣು ಎರಡು ಮಲಗಿದ ಕೂಸುಗಳನ್ನು ಎತ್ತಿಕೊಂಡು ಹಾರುತ್ತಾಳೆ, ಹಿಂದೆ ಒಂದು ಗೂಬೆ. ಅದನ್ನು ಒಂದೇ ಬೆಳಿಗ್ಗೆ ಮಾಡಿದ ಎನ್ನುತ್ತಾರೆ.

ಕವಿ ಬೈರನ್ 1817ರಲ್ಲಿ ತನ್ನ ಮುಖದ ಶಿಲ್ಪ ಮಾಡಿಸಿಕೊಳ್ಳಲು ಬಂದ. ಕೂತ ತಕ್ಷಣ ಮುಖವನ್ನು ದುಃಖದಲ್ಲಿ ಮುಳುಗಿದವನ ಹಾಗೆ ಮಾಡಿಕೊಂಡನಂತೆ. ಮುಖ ಸಡಿಲ ಬಿಡಿ ಎಂದ ಶಿಲ್ಪಿ. ಕೆಲಸ ಮುಗಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ಬೈರನ್ ಒಬ್ಬ ಒಪ್ಪಲಿಲ್ಲ, ನಾನು ಇದಕ್ಕಿಂತ ದುಃಖಿಯಾಗಿ ಕಾಣುತ್ತೇನೆ ಎಂದ.

ಅಳಿಸಿಹೋದ ಕೈಕೆಲಸ

1811ರಲ್ಲಿ ಗ್ರೀಸ್‌ನ ಈಜಿನಾ ದ್ವೀಪದಲ್ಲಿ ಹಳೆಯ ದೇವಸ್ಥಾನದ ಮೂರ್ತಿಗಳು ಸಿಕ್ಕವು. ಬವೇರಿಯಾದ ಯುವರಾಜ ಲುಡ್‌ವಿಗ್ ಕೊಂಡುಕೊಂಡ. ಕೈ, ಕಾಲು, ತಲೆ ಮುರಿದಿದ್ದವು. ಮುರಿದದ್ದನ್ನು ಹೊಸ ಅಮೃತಶಿಲೆಯಲ್ಲಿ ತುಂಬಿಸಿ ಪೂರ್ತಿ ಮಾಡುವುದು ಆಗಿನ ರೂಢಿ. ಆ ಕೆಲಸ 1816ರಿಂದ 1818ರವರೆಗೆ ಥೋರ್ವಾಲ್ಡ್ಸನ್ ಉಸ್ತುವಾರಿಯಲ್ಲಿ ನಡೆಯಿತು. ನೀವು ಸೇರಿಸಿದ್ದು ಯಾವ ಭಾಗ ಎಂದು ಯಾರೋ ಕೇಳಿದ್ದಕ್ಕೆ, ಗುರುತು ಹಾಕಿಲ್ಲ, ಈಗ ನನಗೇ ಗೊತ್ತಾಗುವುದಿಲ್ಲ ಎಂದನಂತೆ.

20ನೇ ಶತಮಾನಕ್ಕೆ ರೂಢಿ ಬದಲಾಯಿತು. ಹಳೆಯದು ಎಷ್ಟು ಉಳಿದಿದೆಯೋ ಅಷ್ಟೇ ತೋರಿಸಬೇಕು ಎಂದು 1960ರ ದಶಕದಲ್ಲಿ ಮ್ಯೂನಿಕ್ ಮ್ಯೂಸಿಯಂನವರು ಥೋರ್ವಾಲ್ಡ್ಸನ್ ಸೇರಿಸಿದ ಭಾಗಗಳನ್ನು ಬಿಚ್ಚಿ ತೆಗೆದರು. ಈಗ ಆ ಮೂರ್ತಿಗಳು ಮುರಿದ ಹಾಗೇ ನಿಂತಿವೆ.

ಕೈ ಚಾಚಿದ ಕ್ರಿಸ್ತ

ಅವನ ಹೆಸರು ಗೊತ್ತಿಲ್ಲದವರೂ ನೋಡಿರುವ ಕೆಲಸ ಇದು. 1807ರಲ್ಲಿ ಇಂಗ್ಲಿಷರು ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆಗರೆದಾಗ ಊರಿನ ಮುಖ್ಯ ಚರ್ಚ್ ಸುಟ್ಟುಹೋಯಿತು. ಹೊಸದಾಗಿ ಕಟ್ಟುವಾಗ, 1819ರಲ್ಲಿ ಊರಿಗೆ ಬಂದಿದ್ದ ಥೋರ್ವಾಲ್ಡ್ಸನ್‌ಗೆ ಕ್ರಿಸ್ತ ಮತ್ತು 12 ಶಿಷ್ಯರ ಮೂರ್ತಿಗಳನ್ನು ಒಪ್ಪಿಸಿದರು. ದ್ರೋಹ ಮಾಡಿದ ಯೂದನ ಬದಲು ಪೌಲ ಇದ್ದಾನೆ.

ಕ್ರಿಸ್ತನ ಮೂರ್ತಿ 3 ಮೀಟರ್ 45 ಸೆಂಟಿಮೀಟರ್. ಶಿಲುಬೆ ಇಲ್ಲ, ಆಶೀರ್ವಾದಕ್ಕೆ ಎತ್ತಿದ ಕೈಯೂ ಅಲ್ಲ. ತಲೆ ಬಾಗಿದೆ. ಎರಡೂ ಕೈ ಅಗಲವಾಗಿ ಕೆಳಗೆ ಚಾಚಿವೆ, ಅಂಗೈಯಲ್ಲಿ ಮೊಳೆಯ ಗಾಯ. ಪೀಠದ ಮೇಲೆ "ನನ್ನ ಬಳಿಗೆ ಬನ್ನಿರಿ" ಎಂಬ ಬೈಬಲ್ ಮಾತು. ಅಪ್ಪಿಕೊಳ್ಳಲು ಕರೆಯುವ ಈ ಭಂಗಿ ಜಗತ್ತಿನ ತುಂಬಾ ನಕಲಾಯಿತು. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಬಾಗಿಲೊಳಗೆ 1896ರಿಂದ ಇದರ ಪ್ರತಿ ನಿಂತಿದೆ.

1829ರಲ್ಲಿ ಚರ್ಚ್ ತೆರೆದಾಗ ನಿಂತಿದ್ದವು ಪ್ಲಾಸ್ಟರ್ ಮೂರ್ತಿಗಳು. ಕಲ್ಲಿನವು ಆಮೇಲೆ ಬಂದವು. ಶಿಷ್ಯರ ಮೂರ್ತಿಗಳಲ್ಲಿ ಹಲವನ್ನು ಇವನ ಸಣ್ಣ ಮಾದರಿ ನೋಡಿಕೊಂಡು ಸಹಾಯಕರೇ ದೊಡ್ಡದು ಮಾಡಿದ್ದು.

ಇದೇ ಹೊತ್ತಿಗೆ ರೋಮ್‌ನಲ್ಲಿ ಇನ್ನೊಂದು ಅಚ್ಚರಿ. ಪೋಪ್ ಏಳನೇ ಪಿಯಸ್‌ನ ಸಮಾಧಿ ಸ್ಮಾರಕವನ್ನು ಸಂತ ಪೀಟರ್ ಮಹಾಚರ್ಚಿನಲ್ಲಿ ಮಾಡಲು ಕಾರ್ಡಿನಲ್ ಕೊನ್ಸಾಲ್ವಿ ಇವನನ್ನು ಕೇಳಿದ. ಥೋರ್ವಾಲ್ಡ್ಸನ್ ಪ್ರೊಟೆಸ್ಟೆಂಟ್. ಕ್ಯಾಥೊಲಿಕರ ಮೂಲಸ್ಥಾನದಲ್ಲಿ ಬೇರೆ ಪಂಗಡದವನ ಕೈಕೆಲಸವೇ ಎಂದು ಗೊಣಗಾಟ ನಡೆಯಿತು. ಆದರೂ ಕೆಲಸ 1831ರಲ್ಲಿ ಮುಗಿಯಿತು, ಇವತ್ತಿಗೂ ಅಲ್ಲೇ ಇದೆ.

ಮನೆಯ ವಿಷಯ

ಮದುವೆ ಆಗಲಿಲ್ಲ. ಆನ್ನಾ ಮರಿಯಾ ಮಾನ್ಯಾನಿ ಎಂಬ ಇಟಲಿಯ ಹೆಣ್ಣಿನ ಜೊತೆ ಬಹಳ ವರ್ಷದ ಸಂಬಂಧ ಇತ್ತು, ಅವಳು ಬೇರೆಯವನನ್ನು ಮದುವೆಯಾಗಿದ್ದವಳು. ಮಗ ಕಾರ್ಲೋ ಆಲ್ಬೆರ್ತೋ ಎಳೆಯ ವಯಸ್ಸಿನಲ್ಲೇ, 1811ರಲ್ಲಿ ತೀರಿಕೊಂಡ. ಮಗಳು ಎಲಿಸಾ 1813ರಲ್ಲಿ ಹುಟ್ಟಿದಳು. ನಡುವೆ ಸ್ಕಾಟ್ಲೆಂಡಿನ ಒಬ್ಬ ಹೆಣ್ಣುಮಗಳ ಜೊತೆ ಮದುವೆಯ ಮಾತು ಆಗಿ ಮುರಿಯಿತು. ಇದರಲ್ಲಿ ಅವನು ಯಾರಿಗೂ ಪೂರ್ತಿ ನ್ಯಾಯ ಮಾಡಲಿಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಊರಿಗೆ ವಾಪಸ್

ಅವನು ಹೊರಗಿದ್ದ ಕಾಲದಲ್ಲಿ ಡೆನ್ಮಾರ್ಕ್ ಬಹಳ ಪೆಟ್ಟು ತಿಂದಿತ್ತು. 1807ರಲ್ಲಿ ರಾಜಧಾನಿ ಸುಟ್ಟಿತು, 1813ರಲ್ಲಿ ಸರ್ಕಾರ ದಿವಾಳಿಯಾಯಿತು, 1814ರಲ್ಲಿ ನಾರ್ವೆ ಕೈತಪ್ಪಿತು. ಸಣ್ಣದಾಗಿ ಹೋದ ದೇಶಕ್ಕೆ, ಯುರೋಪೆಲ್ಲ ತಲೆಯ ಮೇಲೆ ಹೊತ್ತುಕೊಂಡ ತನ್ನ ಬಡ ಹುಡುಗ ಎಂದರೆ ಎಷ್ಟು ದೊಡ್ಡ ವಿಷಯ ನೋಡಿ. ತನ್ನ ಶಿಲ್ಪ, ಸಂಗ್ರಹ, ಆಸ್ತಿ ಎಲ್ಲವನ್ನೂ ಕೋಪನ್‌ಹೇಗನ್‌ಗೆ ಕೊಡಲು ಒಪ್ಪಿದ, ಅದಕ್ಕೊಂದು ಮ್ಯೂಸಿಯಂ ಕಟ್ಟಬೇಕು ಎಂಬುದು ಷರತ್ತು. ರಾಜ ಜಾಗ ಕೊಟ್ಟ, ಜನ ಚಂದಾ ಎತ್ತಿದರು. 1838ರ ಸೆಪ್ಟೆಂಬರ್ 17ರಂದು 'ರೋಟಾ' ಎಂಬ ಹಡಗಿನಲ್ಲಿ ಬಂದಿಳಿದಾಗ ಬಂದರಿನ ತುಂಬಾ ದೋಣಿಗಳು. ಜನ ಗಾಡಿಯ ಕುದುರೆಗಳನ್ನು ಬಿಚ್ಚಿ, ತೇರು ಎಳೆದಂತೆ ತಾವೇ ಎಳೆದುಕೊಂಡು ಹೋದರು.

1844ರ ಮಾರ್ಚ್ 24ರ ಸಂಜೆ ಅವನು ರಾಜ ರಂಗಮಂದಿರದಲ್ಲಿ ತನ್ನ ಕುರ್ಚಿಯಲ್ಲಿ ಕೂತಿದ್ದ. ನಾಟಕಕ್ಕೆ ಮುಂಚಿನ ಸಂಗೀತ ನಡೆಯುತ್ತಿತ್ತು. ಅಲ್ಲೇ ತಲೆ ವಾಲಿತು. ಅವತ್ತು ಮಾರ್ಟಿನ್ ಲೂಥರ್‌ನ ಮುಖದ ಮಣ್ಣಿನ ಕೆಲಸ ಅರ್ಧ ಆಗಿತ್ತು. ಅದು ಅರ್ಧವೇ ಉಳಿಯಿತು.

ಮ್ಯೂಸಿಯಂ 1848ರಲ್ಲಿ ತೆರೆಯಿತು. ಕಟ್ಟಿದವನು ವಾಸ್ತುಶಿಲ್ಪಿ ಬಿಂಡೆಸ್‌ಬಲ್. ಒಳಗೆ ಕಡುಕೆಂಪು, ಹಸಿರು, ಹಳದಿ ಗೋಡೆಗಳು, ಎದುರಿಗೆ ಬಿಳಿ ಮೂರ್ತಿಗಳು. ಅಮೃತಶಿಲೆಯವು ಜಗತ್ತಿನ ಅರಮನೆ, ಚರ್ಚುಗಳಿಗೆಲ್ಲ ಹಂಚಿಹೋಗಿದ್ದರೂ ಅವುಗಳ ಮೂಲ ಪ್ಲಾಸ್ಟರ್‌ಗಳು ಇಲ್ಲಿವೆ. ಅವನ ಬೆರಳಾಡಿದ ಮಣ್ಣಿನಿಂದ ನೇರವಾಗಿ ಅಚ್ಚಿಳಿದು ಬಂದವು ಇವೇ. ಕೆಲವದರ ಮೇಲೆ ಕಲ್ಲುಕುಟಿಗರು ಅಳತೆಗೆ ಹಾಕಿದ ಗುರುತುಗಳು ಇನ್ನೂ ಕಾಣುತ್ತವೆ. ನಡುವಿನ ಅಂಗಳದಲ್ಲಿ ಅವನ ಸಮಾಧಿ. ನೆಲಮಟ್ಟದಲ್ಲಿ ಕಲ್ಲಿನ ಅಂಚು, ಒಳಗೆ ಹಸಿರು ಬಳ್ಳಿ.

ಚಿಕ್ಕಮ್ಮನಿಗೆ ಕೊನೆಗೆ ಎರಡೂ ಹೆಸರು ಬರೆದು ಕಳಿಸಿದೆ, ಥೋರ್ವಾಲ್ಡ್ಸನ್ ಮತ್ತು ಆಹೋರ್ನ್. ಜೊತೆಗೆ ಆ ಮ್ಯೂಸಿಯಂನ ಹೊರಗೋಡೆಯ ಒಂದು ಫೋಟೋ. ಅಲ್ಲಿ ಬಣ್ಣದ ಗಾರೆಯಲ್ಲಿ ಯೋರ್ಗನ್ ಸೋನೆ ಎಂಬ ಕಲಾವಿದ ಮಾಡಿದ ಉದ್ದನೆಯ ಚಿತ್ರವಿದೆ. ಒಂದು ಕಡೆ ಥೋರ್ವಾಲ್ಡ್ಸನ್ ಬಂದಿಳಿದಾಗ ಟೋಪಿ ಬೀಸುವ ಜನ. ಉಳಿದ ಗೋಡೆಗಳಲ್ಲಿ ಹಡಗಿನಿಂದ ಶಿಲ್ಪಗಳನ್ನು ಇಳಿಸುವ, ಹೊರುವ, ಹಗ್ಗ ಹಾಕಿ ಎಳೆಯುವ ಕೆಲಸಗಾರರು, ಆಳೆತ್ತರದಲ್ಲಿ, ಸಾಲಾಗಿ.